ಐದನೇ ಚಾನೆಲ್‌ನಲ್ಲಿ ಇಲ್ಲದ ದೋಷ

"ನಿಮ್ಮ ಹತ್ರ ವೈರ್‌ಲೆಸ್ ಇದೆ ಅಲ್ವಾ?" ಎಂದು ನಮ್ಮ ತಂಡದ ಗಾಯಕಿ ಫೋನಿನಲ್ಲಿ ಕೇಳಿದಾಗ ನಾನು ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದೆ. "ಇದೆ ಮೇಡಂ" ಎಂದೆ. ಇರಲಿಲ್ಲ. ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ಕೂಡ ನೋಡಿರಲಿಲ್ಲ.

ನಮ್ಮದು ಐದು ಜನರ ಆರ್ಕೆಸ್ಟ್ರಾ. ಮದುವೆಯ ಆರತಕ್ಷತೆಗಳಲ್ಲಿ ಹಾಡುತ್ತೇವೆ, ನುಡಿಸುತ್ತೇವೆ. ನನ್ನದು ಎಲೆಕ್ಟ್ರಿಕ್ ಗಿಟಾರ್. ಕಾರ್ಯಕ್ರಮ ಒಪ್ಪಿಕೊಳ್ಳುವುದು, ಬಿಡುವುದು ಎಲ್ಲವೂ ಗಾಯಕಿಯದೇ. ಬೇಲೂರಿನ ಒಂದು ಮನೆಯವರು ಎಲ್ಲೋ ಒಂದು ವಿಡಿಯೋ ನೋಡಿದ್ದರಂತೆ. ಮದುಮಗಳು ಛತ್ರದ ಬಾಗಿಲಿನಿಂದ ವೇದಿಕೆಗೆ ನಡೆದು ಬರುತ್ತಾಳೆ. ಅವಳಿಗೆ ಎದುರಾಗಿ, ಅವಳನ್ನೇ ನೋಡುತ್ತ, ಗಿಟಾರ್ ನುಡಿಸುವವನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಅವಳನ್ನು ವೇದಿಕೆಯವರೆಗೆ ಕರೆತರುತ್ತಾನೆ. ತಮಗೂ ಹಾಗೇ ಬೇಕು ಎಂದಿದ್ದರು.

"ಇಲ್ಲ ಅಂದಿದ್ರೆ ಹಾಸನದಿಂದ ಬೇರೆ ಗಿಟಾರ್‌ನವರನ್ನ ಕರೆಸ್ತಿದ್ರು. ಸದ್ಯ, ಬಚಾವಾದ್ವಿ" ಎಂದರು ಗಾಯಕಿ.

ಆ ಬೇರೆಯವನು ಯಾರೆಂದು ನನಗೆ ಗೊತ್ತಿತ್ತು. ನನಗಿಂತ ಹದಿನೈದು ವರ್ಷ ಚಿಕ್ಕವನು. ಒಮ್ಮೆ ನನ್ನ ಜಾಗದಲ್ಲಿ ನಿಂತರೆ ಮತ್ತೆ ಇಳಿಯುವವನಲ್ಲ. ಸುಳ್ಳು ಬಂದದ್ದು ಆ ಭಯದಿಂದ. ಮದುವೆಗೆ ಇನ್ನು ಹನ್ನೆರಡು ದಿನವಿತ್ತು.

ಗಿಟಾರಿನಿಂದ, ಸ್ವರದ ಬಗೆ ಬದಲಿಸುವ ಕಾಲಬಳಿಯ ಪೆಡಲ್‌ಗೆ ಇಪ್ಪತ್ತು ಅಡಿಯ ಒಂದು ಕೇಬಲ್, ಪೆಡಲ್‌ನಿಂದ ಸೌಂಡಿನವರು ಎಲ್ಲರ ಸ್ವರ ಬೆರೆಸುವ ಮಿಕ್ಸರ್‌ಗೆ ಇನ್ನೊಂದು ಕೇಬಲ್, ಇಷ್ಟೇ ನನ್ನ ವ್ಯವಸ್ಥೆ. ವೈರ್‌ಲೆಸ್ ಎಂದರೆ ಮೊದಲನೆಯ ಕೇಬಲಿನ ಬದಲು ಎರಡು ತುಣುಕುಗಳು. ಗಿಟಾರಿಗೆ ಸಿಕ್ಕಿಸಿದ್ದು ಕಳಿಸುತ್ತದೆ, ಪೆಡಲ್‌ಗೆ ಸಿಕ್ಕಿಸಿದ್ದು ಹಿಡಿದುಕೊಳ್ಳುತ್ತದೆ. ಬರೇ ನೂರು ಅಡಿಯ ಕೇಬಲನ್ನೇ ಎಳೆದುಕೊಂಡು ನಡೆಯಬಾರದೇ ಎಂದೂ ಯೋಚಿಸಿದೆ. ಅಷ್ಟು ಉದ್ದದ ಕೇಬಲಿನಲ್ಲಿ ಗಿಟಾರಿನ ಮೇಲಿನ ಸ್ವರಗಳ ಹೊಳಪು ಸತ್ತುಹೋಗುತ್ತದೆ. ಮದುಮಗಳ ಸೀರೆಯ ನೆರಿಗೆಗೆ ಸಿಕ್ಕಿಕೊಂಡರೆ ಕೇಳುವುದೇ ಬೇಡ.

ಬೇಲೂರಿನ ಆ ಛತ್ರಕ್ಕೆ ಸೌಂಡ್ ಹಾಕುವವರು ಮಾದಿಹಳ್ಳಿಯ ಒಬ್ಬ ಹಿರಿಯರು. ಅರವತ್ತು ದಾಟಿದ್ದರು. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ತಂದೆ ಶುರುಮಾಡಿದ ಮೈಕ್‌ಸೆಟ್ ಕೆಲಸವನ್ನು ಡಿಜಿಟಲ್ ಕಾಲದವರೆಗೆ ತಂದವರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಾರೆ. ನಾನು ನಾಲ್ಕು ಮಕ್ಕಳಿಗೆ ಗಿಟಾರ್ ಪಾಠ ಹೇಳುತ್ತೇನೆಂಬ ಕಾರಣಕ್ಕೆ ಅವರು ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಫೋನ್ ಮಾಡಿ ಕೇಳಿದೆ.

"ಹೆಬ್ಬೆಟ್ಟಿನ ಗಾತ್ರದ್ದು ಬತ್ತವೆ ನೋಡಿ ಮೇಷ್ಟ್ರೇ, ಗಿಟಾರಿಗೆ ನೇರ ಚುಚ್ಚೋವು, ಅವು ಬ್ಯಾಡ" ಎಂದರು. "ಅವು ವೈಫೈ ಹೋಗೋ ದಾರೀಲೇ ಹೋಗ್ತವೆ. ಛತ್ರದಲ್ಲಿ ಐನೂರು ಮೊಬೈಲು, ವಿಡಿಯೋದವರ ಸಾಮಾನು, ಎಲ್ಲಾ ಅದೇ ದಾರೀಲಿ. ಅದ್ರ ಮೇಲೆ ಮನುಷ್ಯನ ಮೈ ಆ ಸಿಗ್ನಲ್ಲನ್ನ ಕುಡಿದುಬಿಡ್ತದೆ. ನನ್ನ ಕಾರ್ಡ್‌ಲೆಸ್ ಮೈಕಿನ ಥರದ್ದು, ಸೊಂಟಕ್ಕೆ ಕಟ್ಟೋದು ಬತ್ತದಲ್ಲ, ಚಾನೆಲ್ ಬದಲಾಯಿಸಬಹುದು, ಅಂಥದ್ದು ತಗಳಿ. ಏನೇ ತಗಂಡ್ರೂ ಜನ ತುಂಬಿರೋ ಕಡೆ ನೋಡ್ಬೇಕು. ಖಾಲಿ ಛತ್ರದಲ್ಲಿ ಎಲ್ಲಾ ಕೆಲಸ ಮಾಡ್ತವೆ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಆದರೂ ನಾನು ಕೊಂಡದ್ದು ಹೆಬ್ಬೆಟ್ಟಿನ ಗಾತ್ರದ್ದನ್ನೇ.

ಕಾರಣಗಳನ್ನು ಆಗ ಬಹಳ ಗಂಭೀರವಾಗಿ ಜೋಡಿಸಿಕೊಂಡಿದ್ದೆ. ಸೊಂಟಕ್ಕೆ ಕಟ್ಟುವುದು ಬರಲು ಹದಿನೈದು ದಿನ ಬೇಕು ಎಂದಿದ್ದ ಹಾಸನದ ಅಂಗಡಿಯವನು. ಚಿಕ್ಕದು ಮೂರೇ ದಿನದಲ್ಲಿ ಮನೆಗೆ ಬರುತ್ತಿತ್ತು. ತಂತಿ ಮೀಟಿದ್ದಕ್ಕೂ ಸ್ವರ ಕೇಳಿದ್ದಕ್ಕೂ ನಡುವಿನ ತಡ ಗೊತ್ತೇ ಆಗುವುದಿಲ್ಲ ಎಂದು ವಿಡಿಯೋಗಳಲ್ಲಿ ಹೇಳಿದ್ದರು. ಅದು ನಿಜವೂ ಆಗಿತ್ತು. ಆದರೆ ಒಳಗಿನ ಕಾರಣ ಬೇರೆ. ಸೊಂಟದಲ್ಲಿ ಕಂಡಕ್ಟರನ ಟಿಕೆಟ್ ಯಂತ್ರದಂಥ ಡಬ್ಬಿ ನೇತುಹಾಕಿಕೊಂಡು ಕ್ಯಾಮೆರಾದ ಮುಂದೆ ನಡೆಯಲು ನನಗೆ ಮನಸ್ಸಿರಲಿಲ್ಲ.

ಬಂದ ದಿನವೇ ಮನೆಯ ತಾರಸಿಯ ಮೇಲೆ ಪರೀಕ್ಷೆ ಮಾಡಿದೆ. ಆಂಪ್ಲಿಫೈಯರಿನ ಪಕ್ಕ ನನ್ನ ಹೆಂಡತಿ ಟವೆಲು ಹಿಡಿದು ಕೂತಿದ್ದಳು. ಸ್ವರ ತುಂಡಾದರೆ ಟವೆಲು ಬೀಸಬೇಕು. ನಾನು ಮೆಟ್ಟಿಲಿಳಿದು, ರಸ್ತೆ ದಾಟಿ, ಕೊಬ್ಬರಿ ಮಂಡಿಯ ಗೋಡೆಯವರೆಗೆ ನುಡಿಸುತ್ತ ಹೋದೆ. ಮೂಟೆ ಹೊರುವವರು ನಿಂತು ನೋಡಿದರು. ಗೋಡೆಯ ಬಳಿ ಮನೆಗೆ ಬೆನ್ನು ಹಾಕಿ ತಿರುಗಿ ಸ್ವಲ್ಪ ಹೊತ್ತು ನುಡಿಸಿದೆ. ವಾಪಸು ತಿರುಗಿದಾಗ ಟವೆಲು ಆಡುತ್ತಿತ್ತು.

"ಅಲ್ಲಿ ಒಂದ್ಸಲ ನಿಂತೇಹೋಯ್ತು ಕಣ್ರೀ" ಎಂದಳು.

"ನಾನೇ ನಿಲ್ಲಿಸಿದ್ದು. ಬೆರಳು ಜಾರಿತು" ಎಂದೆ.

ಬೆರಳು ಜಾರಿರಲಿಲ್ಲ. ಗಿಟಾರಿನಲ್ಲಿದ್ದ ತುಣುಕಿಗೆ ಒಂದು ಸಣ್ಣ ದೀಪವಿತ್ತು. ಎರಡು ತುಣುಕುಗಳ ನಡುವಿನ ಸಂಪರ್ಕ ಗಟ್ಟಿಯಾಗಿದ್ದರೆ ಹಸಿರು, ತಪ್ಪಿದರೆ ಕೆಂಪು ಮಿಣುಕು. ಮಂಡಿಯ ಗೋಡೆಯ ಹತ್ತಿರ ಅದು ಮೂರು ಸಲ ಕೆಂಪಗೆ ಮಿಣುಕಿದ್ದನ್ನು ನಾನು ನೋಡಿದ್ದೆ. ಅಷ್ಟು ದೂರಕ್ಕೆ ಹೀಗಾಗುವುದು ಸಹಜ, ಛತ್ರ ಇಷ್ಟು ದೊಡ್ಡದಿಲ್ಲ ಎಂದುಕೊಂಡೆ. ಬೆನ್ನು ತಿರುಗಿಸಿದಾಗ ಮಾತ್ರ ಯಾಕಾಯಿತು ಎಂದು ಕೇಳಿಕೊಳ್ಳಲಿಲ್ಲ.

ಎರಡು ದಿನದ ಮೇಲೆ ಯಜಮಾನರೇ ಫೋನ್ ಮಾಡಿದರು. "ನಾಳಿದ್ದು ಅದೇ ಛತ್ರದಲ್ಲಿ ಇನ್ನೊಂದು ಮದುವೆ ಐತೆ, ನಂದೇ ಸೆಟ್ಟು. ಊಟದ ಹೊತ್ಗೆ ಬನ್ನಿ ಮೇಷ್ಟ್ರೇ. ಜನದ ಮಧ್ಯೆ ಒಂದ್ ಕಿತ ನಡೆದು ನೋಡ್ಬಿಡನ."

ಪಾಠವಿದೆ ಎಂದು ಹೇಳಿದೆ. ಪಾಠವಿರಲಿಲ್ಲ. ಬೇಡವೆಂದಿದ್ದನ್ನೇ ಕೊಂಡಿದ್ದೇನೆಂದು ಅವರಿಗೆ ತೋರಿಸುವುದಕ್ಕೆ ನಾಚಿಕೆಯಾಯಿತು.

ಮದುವೆಯ ದಿನ ನಾಲ್ಕು ಗಂಟೆಗೆ ಬೇಲೂರು ತಲುಪಿದೆವು. ಯಜಮಾನರು ಗಿಟಾರಿನ ತುದಿಯಲ್ಲಿದ್ದ ತುಣುಕನ್ನು ನೋಡಿದರು. "ನಡೀರಿ ನೋಡನ" ಎಂದರಷ್ಟೇ. ಮಿಕ್ಸರಿನಲ್ಲಿ ಪ್ರತಿ ವಾದ್ಯಕ್ಕೂ ಒಂದು ಚಾನೆಲ್, ನನ್ನನ್ನು ಐದನೇ ಚಾನೆಲ್‌ಗೆ ಹಾಕಿಕೊಂಡರು. ನಾನು ಬಾಗಿಲಿನಿಂದ ವೇದಿಕೆಯವರೆಗೆ ನುಡಿಸುತ್ತ ಬಂದೆ. ಒಂದು ಸ್ವರವೂ ತಪ್ಪಲಿಲ್ಲ. ಆಗ ನಾನು ವೇದಿಕೆಯ ಕಡೆ ಮುಖಮಾಡಿ ನಡೆದಿದ್ದೆ. ಕಳಿಸುವ ತುಣುಕಿಗೂ ಹಿಡಿಯುವ ತುಣುಕಿಗೂ ನಡುವೆ ಖಾಲಿ ಕುರ್ಚಿಗಳು ಮಾತ್ರ ಇದ್ದವು.

"ಈಗ ಸರಿಯಾಗೈತೆ. ಜನ ಬಂದ್ಮೇಲೆ ಇನ್ನೊಂದ್ ಕಿತ ನೋಡನ" ಎಂದರು. ಜನ ಬಂದಾಗ ನಾನು ಹಿಂದಿನ ಕೋಣೆಯಲ್ಲಿ ಹೊಸ ಜುಬ್ಬಾ ಹಾಕಿಕೊಂಡು ಕೂತಿದ್ದೆ. ಅವರು ಎರಡು ಸಲ ಹೇಳಿಕಳಿಸಿದರು. ಹೋಗಲಿಲ್ಲ.

ಆರೂವರೆಗೆ ಮದುಮಗಳು ಬಾಗಿಲಲ್ಲಿ ನಿಂತಳು. ಛತ್ರ ತುಂಬಿತ್ತು. ನಡುವಿನ ದಾರಿಯ ಎರಡೂ ಬದಿಗೆ ಜನ ಎದ್ದುನಿಂತು ಮೊಬೈಲು ಎತ್ತಿಹಿಡಿದಿದ್ದರು. ನಾನು ವೇದಿಕೆಗೆ ಬೆನ್ನುಮಾಡಿ, ಅವಳ ಕಡೆ ನೋಡಿ, ಮೊದಲ ಸ್ವರ ಮೀಟಿದೆ. ಚೆನ್ನಾಗಿಯೇ ಬಂತು. ಹುಡುಗಿ ನಕ್ಕಳು. ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ, ಅವಳು ಮುಂದಕ್ಕೆ. ಹತ್ತು ಹೆಜ್ಜೆಯಾಗಿರಬಹುದು, ಜನರ ನಡುವೆ ಬಂದಿದ್ದೆ, ಸ್ವರ ತುಂಡಾಯಿತು. ಮತ್ತೆ ಬಂತು. ಮತ್ತೆ ತುಂಡಾಯಿತು. ಒಡೆದ ಹಂಚಿನ ಮೇಲೆ ಕಲ್ಲು ಬಿದ್ದಂತೆ ಪಟಪಟ ಸದ್ದು. ಆಮೇಲೆ ಏನೂ ಇಲ್ಲ. ನನ್ನ ಬೆರಳುಗಳು ಆಡುತ್ತಿದ್ದವು, ಛತ್ರದಲ್ಲಿ ಗಿಟಾರ್ ಇರಲಿಲ್ಲ. ಮದುಮಗಳು ಒಂದು ಕಾಲು ಮುಂದಿಟ್ಟವಳು ಹಾಗೇ ನಿಂತಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ನಾನು ಕೆಳಗೆ ನೋಡಿದೆ. ದೀಪ ಕೆಂಪಗೆ ಮಿಣುಕುತ್ತಿತ್ತು.

ಮುಂದಿನದನ್ನು ಎಷ್ಟು ಸಲ ನೆನೆದರೂ ಬೇರೆ ಥರ ಹೇಳಲಾಗುವುದಿಲ್ಲ. ನಾನು ಎಡಗೈಯಿಂದ ಆ ದೀಪವನ್ನು ಮುಚ್ಚಿದೆ. ಬಲಗೈ ಎತ್ತಿ, ಛತ್ರದ ಮೂಲೆಯಲ್ಲಿ ಮಿಕ್ಸರ್ ಮುಂದೆ ನಿಂತಿದ್ದ ಯಜಮಾನರ ಕಡೆ ತೋರಿಸಿ, ಎಲ್ಲರಿಗೂ ಕೇಳುವಂತೆ, "ಸೌಂಡ್ ಕೊಡ್ರೀ!" ಎಂದು ಕೂಗಿದೆ.

ಐನೂರು ಮುಖಗಳು ಅವರ ಕಡೆ ತಿರುಗಿದವು. ಅವರು ಐದನೇ ಚಾನೆಲ್ ಏರಿಸಿದರು, ಇಳಿಸಿದರು, ಬಗ್ಗಿ ಕೇಬಲುಗಳನ್ನು ಅಲ್ಲಾಡಿಸಿದರು. ಮದುಮಗಳು ಉಳಿದ ದಾರಿಯನ್ನು ತಲೆ ತಗ್ಗಿಸಿಕೊಂಡು, ಸಂಗೀತವಿಲ್ಲದೆ, ಬೇಗಬೇಗ ನಡೆದಳು. ನಾನು ವೇದಿಕೆ ಹತ್ತಿ ಮಾಮೂಲಿ ಕೇಬಲ್ ಸಿಕ್ಕಿಸಿಕೊಂಡೆ. ಗಿಟಾರ್ ತಕ್ಷಣ ಸರಿಯಾಗಿ ಬಂತು. ಯಾರೂ ಅದರ ಅರ್ಥವೇನೆಂದು ಯೋಚಿಸಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೆಣ್ಣಿನ ತಂದೆ ಎಲ್ಲರೆದುರಿಗೆ ಯಜಮಾನರನ್ನು ತರಾಟೆಗೆ ತೆಗೆದುಕೊಂಡರು. "ಮಗಳ ಮದುವೆ ಕಣ್ರೀ ಇದು! ನಿಮ್ಮ ಓಬೀರಾಯನ ಕಾಲದ ಡಬ್ಬಾ ಪ್ರಯೋಗ ಮಾಡೋಕೆ ನಮ್ಮ ಮನೆ ಮದುವೇನೇ ಬೇಕಾಗಿತ್ತಾ?" ಪಕ್ಕದಲ್ಲಿದ್ದ ಛತ್ರದ ಮ್ಯಾನೇಜರು ನನ್ನ ಕಡೆ ತಿರುಗಿ, "ಏನಾಗಿತ್ರೀ?" ಎಂದರು. ಸತ್ಯ ಹೇಳುವುದಕ್ಕೆ ಅದಕ್ಕಿಂತ ನೇರವಾದ ಪ್ರಶ್ನೆ ಬೇಕಿರಲಿಲ್ಲ.

"ಮಿಕ್ಸರ್ ಕಡೆಯಿಂದ ಏನೋ ತೊಂದ್ರೆ ಅನ್ಸುತ್ತೆ" ಎಂದೆ.

ಯಜಮಾನರು ನನ್ನ ಮುಖ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ತಪ್ಪಾಯ್ತು ಸ್ವಾಮಿ, ಬಿಚ್ಚಿ ನೋಡ್ತೀನಿ" ಎಂದು ಹೆಣ್ಣಿನ ತಂದೆಗೆ ಕೈಮುಗಿದರು.

ಹತ್ತು ದಿನ ಕಳೆದ ಮೇಲೆ ಅವರಿಂದ ಫೋನ್ ಬಂತು. ಗಿಟಾರ್ ತೆಗೆದುಕೊಂಡು ಒಂದು ಸಲ ಮಾದಿಹಳ್ಳಿಗೆ ಬರಲು ಸಾಧ್ಯವೇ ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಳೇಬೀಡಿನ ಬಸ್ಸು ಹತ್ತಿ ಹೋದೆ. ಮನೆಯ ಪಕ್ಕದ ಶೆಡ್ಡಿನಲ್ಲಿ, ಹಳೆಯ ಬಾಗಿಲೊಂದನ್ನು ಮೇಜು ಮಾಡಿಕೊಂಡು, ಅದರ ಮೇಲೆ ಮಿಕ್ಸರನ್ನು ಪೂರ್ತಿ ಬಿಚ್ಚಿಟ್ಟಿದ್ದರು. ಹದಿನಾರು ಚಾನೆಲ್‌ಗಳ ಸರ್ಕ್ಯೂಟ್ ಹಲಗೆಗಳು ಸಾಲಾಗಿ ಬಟ್ಟೆಯ ಮೇಲೆ ಮಲಗಿದ್ದವು. ಪ್ರತಿಯೊಂದರ ಪಕ್ಕ ಸೀಮೆಸುಣ್ಣದಲ್ಲಿ ಅಂಕಿ. ತಿರುಪುಗಳು ಬೇರೆ ಬೇರೆ ಬಟ್ಟಲಲ್ಲಿ.

"ಮೊದ್ಲು ನಿಮ್ಮ ವೈರ್‌ಲೆಸ್ಸೇ ಇರ್ಬೇಕು ಅನ್ಕಂಡೆ, ನೀವೇ ಮಿಕ್ಸರ್ ಅಂದ್ಮೇಲೆ ಐದನೇದನ್ನ ನಾಕು ಕಿತ ನೋಡ್ದೆ ಮೇಷ್ಟ್ರೇ. ಕೇಬಲ್ ಚುಚ್ಚೋ ಜಾಕ್ ಬದಲಾಯಿಸ್ದೆ, ಬೆಸುಗೆ ಎಲ್ಲಾ ಹೊಸದಾಗಿ ಹಾಕ್ದೆ. ಏನೂ ಸಿಗ್ತಿಲ್ಲ" ಎಂದರು. "ಈಗ ಒಂದೊಂದಾಗಿ ಸಿಕ್ಕಿಸ್ತೀನಿ. ನೀವು ಬಾರಿಸಿ. ನಿಮ್ಮ ಕಿವಿ ಸೂಕ್ಷ್ಮ. ಎಲ್ಲಿ ಕಟ್ಟಾಗ್ತದೋ ಹೇಳಿ."

ನಾನು ಕೇಬಲ್ ಹಾಕಿಕೊಂಡು, ಮೂಲೆಯ ಸ್ಪೀಕರಿನಲ್ಲಿ ಕೇಳುತ್ತ ನುಡಿಸಿದೆ. ಮೂರು ಗಂಟೆ. ಅವರು ಪ್ರತಿ ಚಾನೆಲ್‌ಗೂ ಹೆಡ್‌ಫೋನ್ ಹಾಕಿಕೊಂಡು, ಕಣ್ಣುಮುಚ್ಚಿ, ಹಲಗೆಯನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಸಡಿಲ ಬೆಸುಗೆ ಇದ್ದರೆ ತಟ್ಟಿದಾಗ ಗೊತ್ತಾಗುತ್ತದೆ. "ಈಗ? ಕಟ್ಟಾಯ್ತಾ?" ಎಂದು ಕೇಳುವರು. "ಇಲ್ಲ" ಎನ್ನುವೆ. "ಈಗ?" "ಇಲ್ಲ." ಹದಿನಾರು ಚಾನೆಲ್ ಮುಗಿಸಿ ಮತ್ತೆ ಐದಕ್ಕೆ ಬಂದರು. ಇಲ್ಲದ ದೋಷವನ್ನು ಒಬ್ಬ ಮನುಷ್ಯ ಇಷ್ಟು ಶ್ರದ್ಧೆಯಿಂದ ಹುಡುಕುವುದನ್ನು ನಾನು ಎದುರಿಗೆ ಕೂತು ನೋಡಿದೆ. ಹೇಳಬೇಕು ಎಂದು ಎರಡು ಸಲ ಕೈ ನಿಲ್ಲಿಸಿದೆ. "ಯಾಕೆ, ಏನಾರ ಕೇಳಿಸ್ತಾ?" ಎಂದು ಅವರು ಆಸೆಯಿಂದ ಕಣ್ಣು ತೆರೆದರು. ಮತ್ತೆ ನುಡಿಸತೊಡಗಿದೆ.

ಅವರ ಮನೆಯಲ್ಲೇ ರೊಟ್ಟಿ ತಿಂದು ಕೈತೊಳೆಯಲು ಹಿತ್ತಲಿಗೆ ಹೋದಾಗ ಅವರ ಹೆಂಡತಿ ನೀರು ಹಾಕುತ್ತ ತಗ್ಗಿದ ದನಿಯಲ್ಲಿ ಹೇಳಿದರು. "ಮಿಷಿನ್ನಲ್ಲಿ ಏನೂ ಇಲ್ಲ ಅಂದ್ರೆ ನನ್ ಕಿವೀಲೇ ಐತೆ ಅಂತಾರೆ ಕಣಪ್ಪ. ಹಾಸನದಲ್ಲಿ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ರು. ಏನೂ ಆಗಿಲ್ಲ, ವಯಸ್ಸಿಗೆ ಸರಿಯಾಗೈತೆ ಅಂದ್ರಂತೆ. ನಂಬಕಿಲ್ಲ. ಬೇಲೂರಿನ ಛತ್ರದೋರು ಬೇರೇರನ್ನ ನೋಡ್ಕಂಡವ್ರೆ. ಹಳೇಬೀಡಿಂದೊಂದು ಮದುವೆ ಒಪ್ಕಂಡಿದ್ದೀನಿ, ಅದು ಮುಗಿಸಿ ಬಿಟ್ಬಿಡ್ತೀನಿ ಅಂತಾರೆ."

ಹಳೇಬೀಡಿನ ಆ ಮದುವೆಗೆ ನಮ್ಮ ತಂಡವನ್ನೂ ಗೊತ್ತುಮಾಡಿದ್ದರು. ಅಲ್ಲಿಯೂ ಮದುಮಗಳನ್ನು ಹಾಗೇ ಕರೆತರಬೇಕಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಹೊಸದೊಂದು ಸಮಾಧಾನ ಕಂಡುಕೊಂಡೆ. ಒಂದು ವೇಳೆ ನಿಜವಾಗಿಯೂ ಮಿಕ್ಸರಿನದೇ ಆಗಿದ್ದರೆ? ದೀಪ ಕೆಂಪಾದದ್ದಕ್ಕೂ ಸ್ವರ ಹೋದದ್ದಕ್ಕೂ ಸಂಬಂಧವೇ ಇಲ್ಲದಿದ್ದರೆ? ಖಚಿತವಾಗದೆ ಯಾಕೆ ಹೇಳಬೇಕು? ಮನುಷ್ಯ ಇಂಥ ಲೆಕ್ಕವನ್ನು ಎಷ್ಟು ಚುರುಕಾಗಿ ಕಲಿಯುತ್ತಾನೆ!

ಆ ಭಾನುವಾರ ಅರಸೀಕೆರೆಯಲ್ಲಿ ನೆಂಟರ ಮನೆಯ ಮದುವೆಯಿತ್ತು. ನಾನು ಬರೇ ಅತಿಥಿ. ಆದರೂ ಗಿಟಾರ್ ತೆಗೆದುಕೊಂಡು ಹೋದೆ. ಮಿಕ್ಸರೂ ಇಲ್ಲ, ಸ್ಪೀಕರೂ ಇಲ್ಲ. ಹಿಡಿಯುವ ತುಣುಕನ್ನು ಬ್ಯಾಟರಿಯ ಒಂದು ಸಣ್ಣ ಪೆಡಲ್‌ಗೆ ಹಾಕಿ, ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿ, ಎಲ್ಲವನ್ನೂ ವೇದಿಕೆಯ ಅಂಚಿನಲ್ಲಿ ನನ್ನ ಹೆಂಡತಿಗೆ ಕೊಟ್ಟೆ. ಜನ ಮುಯ್ಯಿಗೆ ಸಾಲು ನಿಂತಿದ್ದರು. ನಾನು ಬಾಗಿಲ ಬಳಿ ಹೋಗಿ, ವೇದಿಕೆಗೆ ಬೆನ್ನುಮಾಡಿ, ಹಿಂದಕ್ಕೆ ನಡೆಯುತ್ತ ಮೆಲ್ಲಗೆ ತಂತಿ ಮೀಟಿದೆ. ಹತ್ತು ಹೆಜ್ಜೆ ಆಗುವ ಮೊದಲೇ ದೀಪ ಕೆಂಪಾಯಿತು. ತಿರುಗಿ ನೋಡಿದೆ. ಹೆಂಡತಿ ಕೈ ಬೀಸುತ್ತಿದ್ದಳು. ವೇದಿಕೆಯ ಕಡೆ ತಿರುಗಿದೆ. ದೀಪ ಹಸಿರಾಯಿತು, ಅವಳ ಕೈ ಕೆಳಗಿಳಿಯಿತು. ಮತ್ತೆ ಬೆನ್ನು ಮಾಡಿದೆ. ಕೆಂಪು. ಆರು ಸಲ ಮಾಡಿದೆ. ಆರು ಸಲವೂ ಹಾಗೇ ಆಯಿತು. ನನ್ನ ಮೈ, ಅದರ ಹಿಂದೆ ನೂರಾರು ಮೈಗಳು, ಅವರ ಜೇಬಿನ ಮೊಬೈಲುಗಳು, ಇಷ್ಟೇ ಕಾರಣ. ಯಜಮಾನರು ಫೋನಿನಲ್ಲಿ ಹೇಳಿದ್ದೂ ಇಷ್ಟೇ.

"ಬೇಲೂರಲ್ಲೂ ಹಿಂಗೇ ಆಗಿದ್ದಾ?" ಎಂದು ಹೆಂಡತಿ ಹೆಡ್‌ಫೋನ್ ತೆಗೆದು ಕೇಳಿದಳು.

"ಹೂಂ."

"ಮತ್ತೆ ಮಿಕ್ಸರ್ ಹಾಳಾಗಿತ್ತು ಅಂದ್ರಿ?"

ನಾನು ಹೆಡ್‌ಫೋನಿನ ವೈರು ಸುತ್ತತೊಡಗಿದೆ. ಅವಳು ಊಟಕ್ಕೆ ನನ್ನ ಪಕ್ಕ ಕೂರದೆ ಹೆಂಗಸರ ಸಾಲಿಗೆ ಹೋಗಿ ಕೂತಳು. ಎಲೆಯ ಮುಂದೆ ಕೂತು, ಇನ್ನು ಹೇಳದೆ ಇರುವುದಕ್ಕೆ ನನ್ನಲ್ಲಿ ಯಾವ ನೆವವೂ ಉಳಿದಿಲ್ಲ ಎಂದು ಅರ್ಥವಾಯಿತು. ನಾಳೆ ಬೆಳಿಗ್ಗೆ ಮೊದಲ ಬಸ್ಸು ಎಂದು ತೀರ್ಮಾನಿಸಿದೆ.

ಶೆಡ್ಡಿನಲ್ಲಿ ಯಜಮಾನರು ಮಿಕ್ಸರಿನ ಪವರ್ ಸಪ್ಲೈ ಬಿಚ್ಚುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆ ಎರಡು ತುಣುಕುಗಳನ್ನು ಅವರ ಮೇಜಿನ ಮೇಲಿಟ್ಟೆ.

"ದೋಷ ಇದರಲ್ಲಿತ್ತು ಯಜಮಾನ್ರೇ. ಮಿಕ್ಸರಲ್ಲಿ ಏನೂ ಇಲ್ಲ."

"ಹೆಂಗ್ ಹೇಳ್ತೀರಿ?"

ನೆಂಟರ ಮದುವೆಯಲ್ಲಿ ಮಾಡಿದ ಪರೀಕ್ಷೆಯನ್ನು ಹೇಳಿದೆ. ಅವರ ಮುಖ ಅರಳಿತು. "ಅಂದ್ರೆ ನೆನ್ನೆ ಗೊತ್ತಾಯ್ತು ನಿಮಗೆ" ಎಂದರು. ಅವರು ನನಗೆ ತಾವಾಗಿಯೇ ಒಂದು ದಾರಿ ತೆರೆದುಕೊಟ್ಟಿದ್ದರು. ಹೂಂ ಎಂದಿದ್ದರೆ ನಾನು ತಪ್ಪು ತಿಳಿದಿದ್ದ ಪ್ರಾಮಾಣಿಕನಾಗಿ ಮನೆಗೆ ಹೋಗಬಹುದಿತ್ತು.

"ಇಲ್ಲ. ಆವತ್ತೇ ಗೊತ್ತಿತ್ತು. ಕೆಂಪು ದೀಪ ನೋಡಿದ್ದೆ."

ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅದನ್ನ ನೋಡ್ಕಂಡೇ ನನ್ ಕಡೆ ಕೈ ತೋರಿಸಿದ್ರಾ?"

"ಹೂಂ."

"ಇಲ್ಲಿ ಕೂತು ಬಾರಿಸಿದ್ರಲ್ಲ, ಆವಾಗ?"

"ಆಗಲೂ ಗೊತ್ತಿತ್ತು."

ಆ ತುಣುಕುಗಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮನೆಯ ಕಡೆ ತಿರುಗಿ, "ಲೇ, ಇಲ್ ಬಾರೇ" ಎಂದು ಹೆಂಡತಿಯನ್ನು ಕೂಗಿದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನನ್ ಕಿವಿ ಸರಿಯಾಗೈತಂತೆ ಕಣೇ" ಎಂದರು. ದನಿ ಮಗುವಿನ ದನಿಯ ಹಾಗಿತ್ತು. ಕಣ್ಣಲ್ಲಿ ನೀರಿತ್ತು.

ಆಕೆಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ ನನ್ನ ಕಡೆ ತಿರುಗಿದರು. "ಮೂರು ಗಂಟೆ ಕೂತು ಬಾರಿಸಿದ್ಯಲ್ಲಪ್ಪಾ. ನನ್ ಕೈಯಲ್ಲಿ ರೊಟ್ಟಿ ತಿಂದ್ಯಲ್ಲ. ಆವಾಗ ನಾಲಗೆ ಎಲ್ಲಿಟ್ಟಿದ್ದೆ?" ಎಂದರು.

ಬೇಲೂರಿಗೆ ಹೋಗಿ ಎಲ್ಲರಿಗೂ ಹೇಳುತ್ತೇನೆ, ನೀವೂ ಬನ್ನಿ ಎಂದು ಯಜಮಾನರನ್ನು ಕೇಳಿದೆ. "ನಾನ್ಯಾಕೆ ಬರ್ಲಿ? ನೀವು ಹೇಳಿದ್ದು, ನೀವೇ ಹೋಗಿ" ಎಂದರು. ಸರಿಯಾಗಿಯೇ ಹೇಳಿದರು.

ಛತ್ರದ ಮ್ಯಾನೇಜರು ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರುಬಿಟ್ಟರು. "ಆವತ್ತು ನಾನು ನಿಮ್ಮನ್ನೇ ಕೇಳಿದ್ನಲ್ರೀ. ಈಗ ಬೇರೆಯವರಿಗೆ ವರ್ಷಕ್ಕೆ ಮಾತು ಕೊಟ್ಟಾಗಿದೆ. ಅವರದೇನು ತಪ್ಪಿದೆ, ತೆಗೆಯೋಕೆ?" ಎಂದರು.

ಹೆಣ್ಣಿನ ತಂದೆ ತಮ್ಮ ಅಂಗಡಿಯಲ್ಲಿದ್ದರು. ಗಿರಾಕಿಗಳು ಹೋಗುವವರೆಗೆ ಕಾದು ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ತಮ್ಮೊಳಗೇ ಹೇಳಿಕೊಳ್ಳುವಂತೆ, "ಆ ಮನುಷ್ಯನಿಗೆ ನಾನು ಊರೆಲ್ಲರ ಮುಂದೆ ಬೈದೆ. ಈಗ ಯಾರ ಮುಂದೆ ವಾಪಸ್ ತಗೊಳ್ಳಲಿ?" ಎಂದರು. ಆಮೇಲೆ ನನ್ನ ಕಡೆ ನೋಡದೆ, "ನೀವು ಹೊರಡಿ" ಎಂದರು. ಆ ವಾರವೇ ಅವರು ಮಾದಿಹಳ್ಳಿಗೆ ಹೋಗಿ ಬಂದರೆಂದು ಆಮೇಲೆ ಕೇಳಿದೆ. ಅಲ್ಲಿ ಏನು ಮಾತಾಯಿತೋ ತಿಳಿಯದು.

ಗಾಯಕಿಗೆ ಹೇಳಿದ್ದು ಕೊನೆಗೆ. "ಇನ್ನು ಮೇಲೆ ನೀವು ಇದೆ ಅಂದ್ರೆ ನಾನು ಬಂದು ಕಣ್ಣಲ್ಲಿ ನೋಡ್ತೀನಿ" ಎಂದರು. ಹಳೇಬೀಡಿಗೆ ಹಾಸನದವನನ್ನು ಕರೆಯುವುದಾದರೆ ಕರೆಯಿರಿ ಎಂದೆ. ಅವರು ಯಜಮಾನರನ್ನು ಕೇಳಿದರಂತೆ. "ನಿಮ್ಮ ಗಿಟಾರ್‌ನೋರೇ ಬರ್ಲಿ. ಆದ್ರೆ ನನ್ ಸೆಟ್ಟಿಗೆ ಏನ್ ಚುಚ್ತಾರೋ ಅದನ್ನ ಮೊದ್ಲು ನಾನು ನೋಡ್ಬೇಕು" ಎಂದಿದ್ದರಂತೆ.

ಹೀಗೆ ಎರಡನೆಯ ವೈರ್‌ಲೆಸ್ ಆರಿಸಿದ್ದು ಅವರ ಶೆಡ್ಡಿನಲ್ಲಿ. ಸೊಂಟಕ್ಕೆ ಕಟ್ಟುವ ಡಬ್ಬಿ, ಸ್ವರ ಹಿಡಿದುಕೊಳ್ಳಲು ಎರಡು ಆಂಟೆನಾಗಳ ರಿಸೀವರ್. ವೈಫೈ ಹೋಗುವ ದಾರಿ ಬಿಟ್ಟು, ಮನುಷ್ಯರ ನಡುವೆ ಇನ್ನಷ್ಟು ಸಲೀಸಾಗಿ ದಾಟುವ ಕಾರ್ಡ್‌ಲೆಸ್ ಮೈಕಿನ ದಾರಿ. ಮೊದಲ ದಿನವೇ ತೊಂದರೆ. ನನ್ನ ಡಬ್ಬಿ ಹಾಕಿದ ಕೂಡಲೇ ಅವರ ಎರಡು ಕಾರ್ಡ್‌ಲೆಸ್ ಮೈಕುಗಳಲ್ಲಿ ಒಂದು ಕೀರಲು ಶುರುಮಾಡಿತು. ಅವರು ಮೂರರ ಚಾನೆಲ್‌ಗಳನ್ನೂ, ಅಂದರೆ ರೇಡಿಯೋ ತರಂಗದ ಅಂಕಿಗಳನ್ನು, ಹಾಳೆಯಲ್ಲಿ ಬರೆದು ನೋಡಿದರು. ಮೂರು ಅಂಕಿಗಳೂ ಸಮ ಅಂತರದಲ್ಲಿದ್ದವು. ಹಾಗಿದ್ದಾಗ ಎರಡು ಸೇರಿ ಹುಟ್ಟಿಸುವ ಸದ್ದು ಸರಿಯಾಗಿ ಮೂರನೆಯದರ ಮೇಲೆ ಹೋಗಿ ಬೀಳುತ್ತದಂತೆ. ನನ್ನದನ್ನು ದೂರಕ್ಕೆ ಸರಿಸಿದರು. ಕೀರಲು ನಿಂತಿತು. ಆಮೇಲೆ ಗಟ್ಟಿಯಾಗಿ ಮೀಟಿದರೆ ಸ್ವರ ಒಡೆಯುತ್ತಿತ್ತು. ಡಬ್ಬಿಯೊಳಗಿನ ಸಣ್ಣ ತಿರುಪನ್ನು ಅವರೇ ತಿರುಗಿಸಿ ಮಟ್ಟ ಇಳಿಸಿದರು. ರಿಸೀವರನ್ನು ಪೆಡಲ್ ಪಕ್ಕ ನೆಲದಲ್ಲಿಡುವುದು ಬೇಡ, ಜನರ ತಲೆಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ, ವೇದಿಕೆಯ ಮುಂಚೂಣಿಯಲ್ಲಿ ಇರಬೇಕು ಎಂದರು. ಹಳೇಬೀಡಿನ ಛತ್ರದಲ್ಲಿ ನಮ್ಮ ಕಾರ್ಯಕ್ರಮದ ಹಿಂದಿನ ವಾರ ಬೇರೊಂದು ಮದುವೆಯ ಊಟದ ಹೊತ್ತಿಗೆ ಹೋಗಿ, ಜನದ ನಡುವೆ ವೇದಿಕೆಗೆ ಬೆನ್ನುಮಾಡಿ ಹಿಂದಕ್ಕೆ ನಡೆದು ನೋಡಿದೆವು. ಈ ಸಲ ಅವರು ಕರೆಯುವ ಮೊದಲೇ ನಾನು ಅಲ್ಲಿದ್ದೆ.

ಇಷ್ಟೂ ದಿನ ಅವರು ಕೆಲಸಕ್ಕೆ ಬೇಕಾದ ಮಾತು ಒಂದನ್ನೂ ಕಡಿಮೆ ಮಾಡಲಿಲ್ಲ. ಹೆಚ್ಚಿನ ಮಾತು ಒಂದನ್ನೂ ಆಡಲಿಲ್ಲ. ಮೇಷ್ಟ್ರೇ ಎನ್ನುವುದು ಯಾವಾಗ ನಿಂತಿತೋ ಗಮನಿಸಿರಲಿಲ್ಲ. ಹಳೇಬೀಡಿನಲ್ಲಿ ಗಮನಕ್ಕೆ ಬಂತು.

ಅಲ್ಲಿ ಕಾರ್ಯಕ್ರಮ ಮಧ್ಯಾಹ್ನ, ಧಾರೆ ಮುಗಿದ ಮೇಲೆ. ಜನ ತುಂಬಿದ್ದರು. ಮದುಮಗಳು ಬಾಗಿಲಿನಿಂದ ವೇದಿಕೆಯವರೆಗೆ ನಡೆದಳು. ನಾನು ಅವಳ ಮುಂದೆ ಹಿಂದಕ್ಕೆ ಸರಿಯುತ್ತ ನುಡಿಸಿದೆ. ಒಂದು ಸ್ವರವೂ ತುಂಡಾಗಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತಿ ಮಿಕ್ಸರಿನ ಕಡೆ ನೋಡಿದೆ. ಯಜಮಾನರು ಮುಂದಿನ ಹಾಡಿಗೆ ಮೈಕು ಹೊಂದಿಸುತ್ತಿದ್ದರು.

ಎಲ್ಲ ಮುಗಿದು ಜನ ಊಟಕ್ಕೆ ಹೋದಾಗ ಯಜಮಾನರು ನಮ್ಮ ತಂಡದ ಕೀಬೋರ್ಡಿನವರ ಹತ್ತಿರ ಹೋಗಿ, "ಮುಂದೆ ಕೂತೋರಿಗೆ ಮಾತು ಸ್ಪಷ್ಟ ಇತ್ತಾ? ಹೆಂಗ್ ಕೇಳ್ತು?" ಎಂದು ವಿಚಾರಿಸಿದರು. ನಾನು ಅವರಿಬ್ಬರಿಂದ ನಾಲ್ಕಡಿ ದೂರದಲ್ಲಿದ್ದೆ. ಚೆನ್ನಾಗಿತ್ತು ಎಂದು ಹೇಳಬೇಕೆನ್ನಿಸಿತು. ನನ್ನನ್ನು ಕೇಳಿರಲಿಲ್ಲ. ವೇದಿಕೆಯ ಕೆಳಗೆ ಬಿದ್ದಿದ್ದ ಅವರ ಕೇಬಲನ್ನಾದರೂ ಸುತ್ತಿಕೊಡೋಣವೆಂದು ಬಗ್ಗಿ ಎತ್ತಿಕೊಂಡೆ.

"ಬಿಡಿ" ಎಂದರು ಯಜಮಾನರು. ದನಿಯಲ್ಲಿ ಬಿರುಸಿರಲಿಲ್ಲ. "ನಮ್ದು ನಾವೇ ಸುತ್ಕೋತೀವಿ. ನೀವು ಊಟ ಮಾಡೋಗಿ."

ಕೇಬಲನ್ನು ಇದ್ದಲ್ಲೇ ಇಟ್ಟು ಊಟದ ಮನೆಯ ಕಡೆ ನಡೆದೆ.